ಸರೋವರದ ದಂಡೆಯ ಮನೆಗೆ ಒಂದು ಕೋಣೆ ಸೇರಿಸಲು ವೇರಿಯನ್ಸ್: ಕೌಂಟಿಯ ಮಂಡಳಿ ಯಾವುದನ್ನು ಪರಿಗಣಿಸುತ್ತದೆ?

ಪ್ರಶ್ನೆ: ದಡದಮನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಗ್ರಾಮೀಣ ಕೌಂಟಿಯಲ್ಲಿ, ನಗರ ಹಾಗೂ ವಿಲೇಜುಗಳ ಎಲ್ಲೆಯ ಹೊರಗೆ, ಸರೋವರದ ದಂಡೆಯ ಮೇಲೆ ನಮ್ಮದೊಂದು ಸಣ್ಣ ಮನೆಯಿದೆ. ದಂಡೆಯಲ್ಲಿ ಕಟ್ಟುವವರನ್ನು ಯಾರೂ ಏನೂ ಕೇಳದಿದ್ದ 1950ರ ದಶಕದಲ್ಲಿ ಕಟ್ಟಿದ ಮನೆ ಅದು. ನೀರಿನಿಂದ ಗೋಡೆಗೆ ನಾನೇ ಟೇಪು ಹಿಡಿದು ಅಳೆದಾಗ 42 ಅಡಿ ಬಂತು. ಈಗಿನ ನಿಯಮ 75 ಅಡಿ ಕೇಳುತ್ತದೆ. ನಿವೇಶನ 60 ಅಡಿ ಅಗಲ, 150 ಅಡಿ ಉದ್ದ. ಮನೆಯ ಅಗಲ 34 ಅಡಿ, ಆಳ 28 ಅಡಿ. ಎಡಕ್ಕೆ 8 ಅಡಿ, ಬಲಕ್ಕೆ ಬೇಲಿಯವರೆಗೆ 18 ಅಡಿ ಖಾಲಿ ಇದೆ. ಹಿಂಬದಿಯಲ್ಲಿ ಸೆಪ್ಟಿಕ್ ಟ್ಯಾಂಕೂ ಅದರ ಇಂಗು ಪ್ರದೇಶವೂ ಇವೆ.

ಮಲಗುವ ಕೋಣೆಗಳೆರಡೂ ಮೇಲಿನ ಅಟ್ಟದಲ್ಲಿವೆ. ಮಂಡಿನೋವಿನಿಂದಾಗಿ ನಮ್ಮ ತಾಯಿಯವರಿಗೆ ಮೆಟ್ಟಿಲು ಹತ್ತಲು ಸಾಧ್ಯವಾಗದ ಕಾರಣ, ಕೆಳಗೆ 12 ಅಡಿಗೆ 16 ಅಡಿಯ ಒಂದು ಕೋಣೆಯನ್ನು ಸೇರಿಸಬೇಕೆಂದಿದ್ದೇವೆ. ಹಿಂದೆ ಜಾಗವಿಲ್ಲ, ಪಕ್ಕದಲ್ಲಿ ಕಟ್ಟಿದರೆ ಬದಿಯ 10 ಅಡಿಯ ಅಂತರ ತಪ್ಪುತ್ತದೆ. ಹಾಗಾಗಿ ಸರೋವರದ ಕಡೆಗೇ ನಕ್ಷೆ ಹಾಕಿಸಿದ್ದೇವೆ. ಹಾಗೆ ಕಟ್ಟಿದರೆ ನೀರಿಗೆ 30 ಅಡಿ ಉಳಿಯುತ್ತದೆ. ಭೂಬಳಕೆಯ ನಿಯಮಗಳನ್ನು ನೋಡಿಕೊಳ್ಳುವ ಕೌಂಟಿಯ ಜೋನಿಂಗ್ ಕಚೇರಿಯಲ್ಲಿ ವಿಚಾರಿಸಿದಾಗ, ವೇರಿಯನ್ಸ್‌ಗೆ, ಅಂದರೆ ನಿಯಮದಿಂದ ಸಡಿಲಿಕೆಗೆ, ಅರ್ಜಿ ಹಾಕಲು ಅಡ್ಡಿಯಿಲ್ಲ, ಆದರೆ ಅದನ್ನು ತೀರ್ಮಾನಿಸುವ ಮಂಡಳಿಯಾದ ಬೋರ್ಡ್ ಆಫ್ ಅಡ್ಜಸ್ಟ್‌ಮೆಂಟ್ ಏನು ಹೇಳುತ್ತದೋ ತಿಳಿಯದು, ಶುಲ್ಕವಂತೂ ಹಿಂದಿರುಗುವುದಿಲ್ಲ ಎಂದರು.

ನಮ್ಮ ಎರಡೂ ಪಕ್ಕದ ಮನೆಗಳು ನೀರಿಗೆ ನಮಗಿಂತ ಹತ್ತಿರವಾಗಿವೆ, ಮತ್ತು ಆ ಮನೆಯವರಿಬ್ಬರೂ ಒಪ್ಪಿಗೆಯ ಪತ್ರ ಕೊಡಲು ಸಿದ್ಧರಿದ್ದಾರೆ. ತಾಯಿಯವರ ವೈದ್ಯಕೀಯ ಪತ್ರವೂ ನಮ್ಮ ಬಳಿ ಇದೆ. ಇವುಗಳ ಆಧಾರದ ಮೇಲೆ ಸಡಿಲಿಕೆ ಸಿಗಬಹುದೇ? ವಿಚಾರಣೆಯಲ್ಲಿ ಏನೇನು ಕೇಳುತ್ತಾರೆ? ಇಂಥದ್ದನ್ನು ಎದುರಿಸಿದವರು ದಯವಿಟ್ಟು ತಿಳಿಸಿ.


ಉತ್ತರ: ಅಳತೆಪಟ್ಟಿ

ನಾನು ಇದೇ ರಾಜ್ಯದ ಒಂದು ಸರ್ವೇ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ನಿಮ್ಮ 42 ಅಡಿಯನ್ನೇ ಪ್ರಶ್ನಿಸಬೇಕಾಗಿದೆ. ನೀವು ಅಳೆದದ್ದು ಆ ದಿನ ನೀರು ನಿಂತಿದ್ದ ಅಂಚಿನಿಂದ. ಕಾನೂನು ಅಳೆಯುವುದು ಸಾಮಾನ್ಯ ಉನ್ನತ ಜಲರೇಖೆಯಿಂದ. ದಂಡೆಯ ಮೇಲೆ ನೀರು ನಿರಂತರವಾಗಿ ಬಂದು ಬಡಿದು, ಮಣ್ಣನ್ನು ಕೊರೆದು, ನೆಲದ ಗಿಡಗಳನ್ನು ನಿಲ್ಲಗೊಡದೆ ಉಳಿಸಿದ ಗುರುತು ಎಲ್ಲಿದೆಯೋ ಅದೇ ಆ ರೇಖೆ. ಈ ವ್ಯಾಖ್ಯೆ ರಾಜ್ಯದ ಸುಪ್ರೀಂ ಕೋರ್ಟಿನ 1914ರ ತೀರ್ಪೊಂದರಿಂದ ಬಂದದ್ದು. ಬೇಸಿಗೆಯ ಕೊನೆಯಲ್ಲಿ ಅಳೆದವರಿಗೆ ಯಾವಾಗಲೂ ಹೆಚ್ಚು ಅಡಿ ಸಿಗುತ್ತದೆ, ಆಮೇಲೆ ಸರ್ವೇಯರ್ ಬಂದಾಗ ಅದು ಕರಗುತ್ತದೆ.

ನಿಮ್ಮ ವಿಷಯದಲ್ಲಿ ಈ ಅಳತೆ ಏಕೆ ಮುಖ್ಯವೆಂದರೆ, ವೇರಿಯನ್ಸ್ ಇಲ್ಲದೆಯೇ ಕಟ್ಟಬಹುದಾದ ದಾರಿಯೊಂದು ನಿಮಗಿರುವಂತೆ ಕಾಣುತ್ತದೆ, ಮತ್ತು ಆ ದಾರಿಯ ಬಾಗಿಲು 35 ಅಡಿಯಲ್ಲಿದೆ. ನಿಯಮಕ್ಕಿಂತ ಹಳೆಯದಾದ ಕಾರಣ ಕಾನೂನುಬದ್ಧವಾಗಿಯೇ ಉಳಿದುಕೊಂಡಿರುವ ಇಂಥ ಮನೆಯನ್ನು ನಾನ್‌ಕನ್ಫಾರ್ಮಿಂಗ್ ಎನ್ನುತ್ತಾರೆ. ಅದು ಜಲರೇಖೆಯಿಂದ ಕನಿಷ್ಠ 35 ಅಡಿ ದೂರದಲ್ಲಿದ್ದರೆ, 75 ಅಡಿಯ ಪಟ್ಟಿಯೊಳಗೇ ಅದನ್ನು ಅಡ್ಡಲಾಗಿ ವಿಸ್ತರಿಸಬಹುದೆಂದು ರಾಜ್ಯದ ಎನ್‌ಆರ್ 115 ನಿಯಮಾವಳಿ ಹೇಳುತ್ತದೆ. ಷರತ್ತುಗಳಿವೆ: ಕಟ್ಟಡದ ಇಡೀ ಆಯುಷ್ಯದಲ್ಲಿ ಇಂಥ ವಿಸ್ತರಣೆಯ ಮೊತ್ತ 200 ಚದರ ಅಡಿಯನ್ನು ಮೀರಬಾರದು, ಹೊಸ ಭಾಗದ ಯಾವ ಮೂಲೆಯೂ ಈಗಿನ ಮನೆಯ ಅತಿ ಹತ್ತಿರದ ಬಿಂದುವಿಗಿಂತ ನೀರಿಗೆ ಹತ್ತಿರವಾಗಬಾರದು, ಪ್ರತಿಯಾಗಿ ದಂಡೆಗೆ ಅನುಕೂಲವಾಗುವ ಪರಿಹಾರ ಕ್ರಮವೊಂದನ್ನು ನೀವು ಕೈಗೊಳ್ಳಬೇಕು. ನಿಮ್ಮ ಕೋಣೆ 192 ಚದರ ಅಡಿ. ವಿಸ್ತೀರ್ಣ ಸರಿಯಾಗಿದೆ, ದಿಕ್ಕು ಮಾತ್ರ ತಪ್ಪಿದೆ.

ಬಲಬದಿಯಲ್ಲಿ 18 ಅಡಿ ಇದೆ, 10 ಅಡಿ ಬಿಡಬೇಕು. ಉಳಿಯುವುದು 8 ಅಡಿ. 8 ಅಡಿಗೆ 24 ಅಡಿ ಎಂದರೂ 192 ಚದರ ಅಡಿಯೇ. ಅಷ್ಟು ಇಕ್ಕಟ್ಟಿನಲ್ಲಿ ತಾಯಿಯವರ ಮಂಚ ಹಾಕಿದರೆ ವಾಕರ್ ಹಿಡಿದು ಓಡಾಡಲಾಗದು ಎಂದು ನೀವು ಹೇಳಬಹುದು, ಅದು ನಿಜ. ಆದರೆ ಹೊಸದಾಗಿ ಕಟ್ಟುವ ಜಾಗವೇ ತಾಯಿಯವರ ಕೋಣೆಯಾಗಬೇಕೆಂದು ಯಾರೂ ಹೇಳಿಲ್ಲ. ಕೆಳಗಿನ ಊಟದ ಕೋಣೆಯನ್ನು ಅವರಿಗೆ ಕೊಟ್ಟು, ಊಟದ ಮೇಜನ್ನೂ ಒಂದು ಬಚ್ಚಲನ್ನೂ ಉದ್ದನೆಯ ಹೊಸ ಭಾಗಕ್ಕೆ ಸಾಗಿಸಲು ಆಗುವುದಿಲ್ಲವೇ? ನಕ್ಷೆ ಬರೆದವರು ಮನೆಯೊಳಗನ್ನು ನೋಡದೆ ಮನೆಯ ಹೊರಗನ್ನೇ ನೋಡಿದ್ದಾರೆಂದು ನನಗನಿಸುತ್ತದೆ.

ನೀರು ಇಂಗದ ನೆಲದ ಲೆಕ್ಕವನ್ನೂ ಮಾಡಿಕೊಳ್ಳಿ. ಜಲರೇಖೆಯಿಂದ 300 ಅಡಿಯೊಳಗೆ ನಿವೇಶನದ 15 ಪ್ರತಿಶತಕ್ಕಿಂತ ಹೆಚ್ಚು ಭಾಗವನ್ನು ಚಾವಣಿ, ಕಾಂಕ್ರೀಟು, ಡಾಂಬರು ಆವರಿಸುವಂತಿಲ್ಲ; ಪರಿಹಾರ ಕ್ರಮದೊಂದಿಗೆ 30 ಪ್ರತಿಶತದವರೆಗೆ ಹೋಗಬಹುದು. ನಿಮ್ಮ 9,000 ಚದರ ಅಡಿಯಲ್ಲಿ 15 ಪ್ರತಿಶತ ಎಂದರೆ 1,350. ಮನೆಯೊಂದೇ 952 ಆಯಿತು; ಕಾರು ನಿಲ್ಲಿಸುವ ಜಾಗ, ಶೆಡ್, ಕಾಲುದಾರಿ ಸೇರಿಸಿ ಇನ್ನೊಂದು 500 ಎಂದಿಟ್ಟುಕೊಂಡರೆ ಈಗಾಗಲೇ ಮಿತಿ ದಾಟಿದ್ದೀರಿ. ಹೊಸ ಭಾಗ ಸೇರಿದರೆ 18 ಪ್ರತಿಶತದ ಆಸುಪಾಸು. ಇದರಿಂದ ಕೆಲಸ ನಿಲ್ಲುವುದಿಲ್ಲ, ಪರಿಹಾರ ಕ್ರಮದ ಕಾಗದಕ್ಕೆ ಇದೂ ಸೇರುತ್ತದೆ ಅಷ್ಟೆ.


ಉತ್ತರ: ಹಳೆಯಸದಸ್ಯ

ನಾನು ಇನ್ನೊಂದು ಕೌಂಟಿಯ ಬೋರ್ಡ್ ಆಫ್ ಅಡ್ಜಸ್ಟ್‌ಮೆಂಟಿನಲ್ಲಿ ಮೂರು ವರ್ಷದ ಒಂದು ಅವಧಿಗೆ ಸದಸ್ಯನಾಗಿದ್ದೆ. ಅಳತೆಪಟ್ಟಿಯವರು ತೋರಿಸಿದ ದಾರಿಯನ್ನೇ ಮೊದಲು ಹಿಡಿಯಿರಿ. ಅದು ಮುಚ್ಚಿದ್ದರೆ ಮಾತ್ರ ಮಂಡಳಿಯ ಮುಂದೆ ಬನ್ನಿ, ಏಕೆಂದರೆ ನಿಮ್ಮ ಈಗಿನ ಅರ್ಜಿ ನನ್ನ ಮುಂದೆ ಬಂದಿದ್ದರೆ, ತಾಯಿಯವರ ಮೇಲೆ ಎಷ್ಟೇ ಕನಿಕರವಿದ್ದರೂ ನಾನು ಅದನ್ನು ತಿರಸ್ಕರಿಸುತ್ತಿದ್ದೆ.

ಕಾರಣವನ್ನು ವಿವರಿಸುತ್ತೇನೆ. ಮಂಡಳಿಯ ಸದಸ್ಯರು ಕೌಂಟಿಯ ನಿವಾಸಿಗಳೇ, ನಮ್ಮಲ್ಲಿ ಒಬ್ಬರು ನಿವೃತ್ತ ಶಿಕ್ಷಕರು, ಇನ್ನೊಬ್ಬರು ಹೈನುಗಾರರು. ಆದರೆ ವಿಚಾರಣೆಯ ದಿನ ನಾವು ಅರೆ ನ್ಯಾಯಾಧೀಶರ ಸ್ಥಾನದಲ್ಲಿ ಕುಳಿತಿರುತ್ತೇವೆ. ನಿಯಮ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ, ಅದು ಕೌಂಟಿಯ ಚುನಾಯಿತ ಮಂಡಳಿಗೂ ರಾಜ್ಯಕ್ಕೂ ಸೇರಿದ್ದು. ನಮ್ಮ ಮುಂದಿರುವ ಪ್ರಶ್ನೆ ಒಂದೇ: ಈ ನಿಯಮವನ್ನು ಈ ಒಂದು ನಿವೇಶನಕ್ಕೆ ಅಕ್ಷರಶಃ ಅನ್ವಯಿಸಿದರೆ ನೆಲದ ಸ್ವರೂಪದಿಂದಾಗಿ ಅನಗತ್ಯವಾದ ಕಷ್ಟ ಉಂಟಾಗುತ್ತದೆಯೇ? ಅರ್ಜಿದಾರರು ಮೂರು ಸಂಗತಿಗಳನ್ನು ಸಾಬೀತುಪಡಿಸಬೇಕು, ಹೊರೆ ಅವರದ್ದೇ. ಅನುಮತಿಸಿದ ಉದ್ದೇಶಕ್ಕೆ ಆಸ್ತಿಯನ್ನು ಬಳಸುವುದನ್ನು ನಿಯಮ ಅನುಚಿತವಾಗಿ ತಡೆಯುತ್ತಿರಬೇಕು ಅಥವಾ ಅದರ ಪಾಲನೆ ಅನಗತ್ಯ ಹೊರೆಯಾಗಿರಬೇಕು. ಆ ಕಷ್ಟ ಆ ನಿವೇಶನಕ್ಕೇ ವಿಶಿಷ್ಟವಾದ ಸ್ಥಿತಿಯಿಂದ, ಅಂದರೆ ಕಡಿದಾದ ಇಳಿಜಾರು, ಜೌಗು, ಬಂಡೆ, ಓರೆಯಾದ ಗಡಿ ಇಂಥವುಗಳಿಂದ ಹುಟ್ಟಿರಬೇಕೇ ಹೊರತು ಮಾಲೀಕರ ವೈಯಕ್ತಿಕ ಸನ್ನಿವೇಶದಿಂದಲ್ಲ, ಅವರೇ ತಂದುಕೊಂಡದ್ದರಿಂದಲೂ ಅಲ್ಲ. ಮೂರನೆಯದಾಗಿ, ಸಡಿಲಿಕೆಯಿಂದ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಬಾರದು.

ನಿಮ್ಮ ತಾಯಿಯವರ ಮಂಡಿ ಎರಡನೆಯ ಸಂಗತಿಯಲ್ಲಿ ಎಡವುತ್ತದೆ. ಇದು ನಿಷ್ಠುರವೆನಿಸಬಹುದು. ಆದರೆ ವೇರಿಯನ್ಸ್ ಎನ್ನುವುದು ನಿಮಗೆ ಕೊಡುವ ಅನುಮತಿಯಲ್ಲ, ನೆಲಕ್ಕೆ ಅಂಟಿಕೊಳ್ಳುವ ಹಕ್ಕು. ನೀವು ಹತ್ತು ವರ್ಷದ ಬಳಿಕ ಮನೆ ಮಾರಿದರೆ ನೀರಿನಿಂದ 30 ಅಡಿಯಲ್ಲಿರುವ ಆ ಕೋಣೆ ಯಾರ ಮಂಡಿಗೂ ಸಂಬಂಧಿಸದೆ ಅಲ್ಲಿಯೇ ಇರುತ್ತದೆ. ಕುಟುಂಬ ದೊಡ್ಡದಾಯಿತು, ಮನೆಯಿಂದಲೇ ಕೆಲಸ ಮಾಡಬೇಕಾಗಿದೆ, ಬೇರೆ ನಕ್ಷೆಗೆ ಹೆಚ್ಚು ಹಣ ಬೇಕು ಎಂಬ ಮಾತುಗಳಿಗೂ ಇದೇ ಉತ್ತರ. ಸೆಪ್ಟಿಕ್ ಟ್ಯಾಂಕು ಹಿಂದೆ ಇದೆ ಎಂದಿರಿ. ಅದನ್ನು ಸರಿಸಲು ಹಣ ಖರ್ಚಾಗುತ್ತದೆ ಎನ್ನುವುದೊಂದೇ ಸಾಲದು, ಸರಿಸಲು ನೆಲವೇ ಒಪ್ಪುವುದಿಲ್ಲ ಎಂದು ಮಣ್ಣು ಪರೀಕ್ಷಕರ ವರದಿ ಹೇಳಿದರೆ ಆಗ ಅದು ಆಲಿಸಬೇಕಾದ ವಾದವಾಗುತ್ತದೆ.

ಮಂಡಳಿಗಳು ಈ ಮಟ್ಟಕ್ಕೆ ಬಂದ ಇತಿಹಾಸವೂ ನಿಮಗೆ ಉಪಯೋಗವಾದೀತು. ದಂಡೆಯ ಜೋನಿಂಗ್ ಈ ರಾಜ್ಯದಲ್ಲಿ 1966ರಲ್ಲಿ ಆರಂಭವಾಯಿತು. ಸರೋವರದಿಂದ 1,000 ಅಡಿ, ನದಿತೊರೆಗಳಿಂದ 300 ಅಡಿಯವರೆಗಿನ ನೆಲ ಅದರ ವ್ಯಾಪ್ತಿಗೆ ಬಂತು. 1972ರಲ್ಲಿ ಜಸ್ಟ್ ವಿರುದ್ಧ ಮ್ಯಾರಿನೆಟ್ ಕೌಂಟಿ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1998ರಲ್ಲಿ ಕೆನೋಶಾ ಕೌಂಟಿಯ ಒಂದು ಡೆಕ್ಕಿನ ವ್ಯಾಜ್ಯದಲ್ಲಿ ಅದೇ ಕೋರ್ಟು, ಸಡಿಲಿಕೆಯಿಲ್ಲದಿದ್ದರೆ ಆಸ್ತಿಗೆ ಯಾವುದೇ ಸಮಂಜಸ ಬಳಕೆಯೇ ಉಳಿಯುವುದಿಲ್ಲ ಎಂದು ತೋರಿಸಬೇಕೆಂದಿತು. ಮನೆ ಆಗಲೇ ಇರುವಾಗ ಸಮಂಜಸ ಬಳಕೆ ಇಲ್ಲವೆಂದು ಯಾರು ತೋರಿಸಿಯಾರು? ಹೀಗಾಗಿ ಮನೆ ವಿಸ್ತರಣೆಯ ಅರ್ಜಿಗಳಿಗೆ ಬಾಗಿಲು ಮುಚ್ಚಿದಂತಾಯಿತು. 2004ರಲ್ಲಿ ವಾಷಿಂಗ್ಟನ್ ಕೌಂಟಿಯ ಬಿಗ್ ಸೀಡರ್ ಸರೋವರದ ಝೀರ್‌ವೋಗೆಲ್ ಪ್ರಕರಣ ಬಂತು. ಜಲರೇಖೆಯಿಂದ 26 ಅಡಿಯಲ್ಲಿದ್ದ ಮನೆಯ ಮೇಲೆ 10 ಅಡಿ ಎತ್ತರಿಸಿ ಮಹಡಿ ಕಟ್ಟಲು ಕೇಳಿದ್ದರು. ವಿಸ್ತೀರ್ಣ, ಅಂತರ, ಎತ್ತರಗಳಿಗೆ ಸಂಬಂಧಿಸಿದ ಸಡಿಲಿಕೆಗೆ ಅಷ್ಟು ಕಠಿಣ ಅಳತೆಗೋಲು ಸಲ್ಲದೆಂದು ಕೋರ್ಟು ತನ್ನ ಹಿಂದಿನ ಮಾತನ್ನು ಬದಲಿಸಿ, ಅನಗತ್ಯ ಹೊರೆಯ ಪರೀಕ್ಷೆಯನ್ನು ಮರಳಿ ತಂದು, ಅರ್ಜಿಯನ್ನು ಮತ್ತೆ ಪರಿಶೀಲನೆಗೆ ಕಳುಹಿಸಿತು. 2017ರ ಶಾಸನವೊಂದು ಆ ಪರೀಕ್ಷೆಯನ್ನು ಕಾಯ್ದೆಯಲ್ಲೇ ಬರೆಯಿತು.

ಇಲ್ಲೊಂದು ಸ್ವಾರಸ್ಯವಿದೆ. ಎಲ್ಲ ಅರ್ಜಿದಾರರೂ ಉದ್ಧರಿಸುವ ಆ ಪ್ರಕರಣದ ಮಹಡಿಗೆ ಇಂದಾಗಿದ್ದರೆ ವೇರಿಯನ್ಸೇ ಬೇಕಾಗುತ್ತಿರಲಿಲ್ಲ. 2015ರ ಆಕ್ಟ್ 55, ದಂಡೆಯ ವಿಷಯದಲ್ಲಿ ಕೌಂಟಿಗಳು ರಾಜ್ಯದ ಮಾನದಂಡಕ್ಕಿಂತ ಬಿಗಿಯಾದ ನಿಯಮ ಮಾಡದಂತೆ ತಡೆದದ್ದಲ್ಲದೆ, ಹಳೆಯ ಕಟ್ಟಡವನ್ನು ನೆಲಮಟ್ಟದಿಂದ 35 ಅಡಿಯವರೆಗೆ ಮೇಲಕ್ಕೆ ಬೆಳೆಸುವುದಕ್ಕೆ ದಂಡೆಯ ನಿಯಮದ ಅಡ್ಡಿಯನ್ನು ತೆಗೆದುಹಾಕಿತು. ನೀವು ಓದುವ ಹಳೆಯ ತೀರ್ಪು, ಹಳೆಯ ಕೈಪಿಡಿಗಳ ತತ್ವ ಉಳಿದಿದ್ದರೂ ಅಡಿಗಳ ಲೆಕ್ಕ ಬದಲಾಗಿರುತ್ತದೆ ಎಂಬುದಕ್ಕಾಗಿ ಇದನ್ನು ಹೇಳಿದೆ. ನಿಮಗೆ ಬೇಕಾದದ್ದು ಕೆಳಗಿನ ಕೋಣೆಯಾದ್ದರಿಂದ ಮೇಲೆ ಬೆಳೆಸುವ ಅವಕಾಶ ಉಪಯೋಗಕ್ಕೆ ಬಾರದು.

ನೆರೆಯವರ ಪತ್ರಗಳನ್ನು ತನ್ನಿ, ದಾಖಲೆಗೆ ಸೇರುತ್ತವೆ. ಆದರೆ ಇಬ್ಬರು ಒಪ್ಪಿದರೆಂಬುದು ಕಾನೂನಿನ ಮೂರು ಸಂಗತಿಗಳಲ್ಲಿ ಒಂದನ್ನೂ ತುಂಬುವುದಿಲ್ಲ, ಮೂವರು ವಿರೋಧಿಸಿದರೆಂಬುದು ಸಹ ತಾನಾಗಿ ಅರ್ಜಿಯನ್ನು ಬೀಳಿಸುವುದಿಲ್ಲ. ಪಕ್ಕದ ಮನೆಗಳು ನೀರಿಗೆ ಹತ್ತಿರವಿವೆ ಎಂಬ ವಾದ ಪ್ರತಿ ವಿಚಾರಣೆಯಲ್ಲೂ ಬರುತ್ತಿತ್ತು. ಅವೂ ನಿಯಮಕ್ಕಿಂತ ಹಳೆಯವೇ ಆಗಿರುವುದರಿಂದ, ನಿಯಮ ನಿಧಾನವಾಗಿ ಸರಿಪಡಿಸಲು ಹೊರಟಿರುವ ಸ್ಥಿತಿಯನ್ನೇ ನೀವು ಸಾಕ್ಷಿಯಾಗಿ ಕರೆದಂತಾಗುತ್ತದೆ.

ವಿಚಾರಣೆಯ ಕ್ರಮ ಹೀಗಿರುತ್ತದೆ. ಪತ್ರಿಕೆಯಲ್ಲಿ ಎರಡು ಬಾರಿ ಪ್ರಕಟಣೆ ಬರುತ್ತದೆ, ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಕನಿಷ್ಠ 10 ದಿನ ಮೊದಲು ಲಿಖಿತ ಸೂಚನೆ ಹೋಗುತ್ತದೆ. ಇಲಾಖೆಯ ಪತ್ರ ಬಂದಿದ್ದರೆ ಅದನ್ನು ಓದುತ್ತಾರೆ, ಜೋನಿಂಗ್ ಸಿಬ್ಬಂದಿ ವರದಿ ಮಂಡಿಸುತ್ತಾರೆ, ನೀವು ಮಾತಾಡುತ್ತೀರಿ, ಆಮೇಲೆ ಬೇರೆಯವರು. ನಾವು ಮೊದಲೇ ಸ್ಥಳಕ್ಕೆ ಬಂದು ನೋಡಿರುತ್ತಿದ್ದೆವು. ಗೂಟ ನೆಟ್ಟು ದಾರ ಕಟ್ಟಿ ಹೊಸ ಗೋಡೆಯ ಗುರುತು ತೋರಿಸಿದ್ದವರ ಅರ್ಜಿ ನಮಗೆ ಬೇಗ ಅರ್ಥವಾಗುತ್ತಿತ್ತು. ವಿಚಾರಣೆಗೆ ಮುನ್ನ ಯಾವ ಸದಸ್ಯರಿಗೂ ದೂರವಾಣಿ ಮಾಡಿ ವಿಷಯ ಪ್ರಸ್ತಾಪಿಸಬೇಡಿ, ಅಂಗಡಿಯಲ್ಲಿ ಎದುರಾದರೂ ಬೇಡ. ದಾಖಲೆಯ ಹೊರಗೆ ಕೇಳಿದ ಮಾತು ಅವರನ್ನು ಆ ಪ್ರಕರಣದಿಂದ ಹಿಂದೆ ಸರಿಯುವಂತೆ ಮಾಡಬಹುದು. ತೀರ್ಮಾನ ವಿರುದ್ಧವಾದರೆ, ಅದು ಮಂಡಳಿಯ ಕಚೇರಿಯಲ್ಲಿ ದಾಖಲಾದ 30 ದಿನಗಳೊಳಗೆ ಸರ್ಕ್ಯೂಟ್ ಕೋರ್ಟಿಗೆ ಹೋಗಬಹುದು. ಕೋರ್ಟು ಮುಖ್ಯವಾಗಿ ನಮ್ಮ ದಾಖಲೆಯನ್ನೇ ನೋಡುತ್ತದೆಯಾದ್ದರಿಂದ, ಅಂದು ಮಂಡಿಸದೆ ಬಿಟ್ಟ ಪುರಾವೆಯನ್ನು ಅಲ್ಲಿ ಮಂಡಿಸಬಹುದೆಂದು ನೆಚ್ಚಬೇಡಿ.


ಉತ್ತರ: ಉತ್ತರದವ

ನಾವು ಪಕ್ಕದ ಮಿನೆಸೋಟಾದಲ್ಲಿದ್ದೇವೆ. ಇಲ್ಲಿ ಇದು ಇಷ್ಟು ಬಿಗಿಯಾಗಿಲ್ಲ. 2010ರಲ್ಲಿ ನಮ್ಮ ಸುಪ್ರೀಂ ಕೋರ್ಟು ಬಿಗಿಯಾದ ಅರ್ಥ ಕೊಟ್ಟಾಗ ಮರುವರ್ಷವೇ ಶಾಸನಸಭೆ ಕಾಯ್ದೆಯನ್ನು ತಿದ್ದಿ, ಕಾರ್ಯರೂಪದಲ್ಲಿನ ತೊಡಕುಗಳನ್ನು ತೋರಿಸಿದರೆ ಸಾಕೆಂದಿತು. ಆಸ್ತಿಯನ್ನು ಸಮಂಜಸವಾಗಿ ಬಳಸುವ ಉದ್ದೇಶ, ಮಾಲೀಕರು ಸೃಷ್ಟಿಸದ ವಿಶಿಷ್ಟ ಸನ್ನಿವೇಶ, ಪ್ರದೇಶದ ಸ್ವರೂಪ ಕೆಡದಿರುವುದು, ಇವನ್ನು ನೋಡುತ್ತಾರೆ. ಅರ್ಜಿ ಪೂರ್ಣವಾದ 60 ದಿನಗಳಲ್ಲಿ, ಲಿಖಿತವಾಗಿ ಗಡುವು ವಿಸ್ತರಿಸದಿದ್ದರೆ, ತೀರ್ಮಾನಿಸದ ಅರ್ಜಿ ಮಂಜೂರಾದಂತೆಯೇ. ನಮ್ಮ ಅರ್ಜಿಯ ಪ್ರತಿ ಬೇಕಿದ್ದರೆ ಕಳುಹಿಸುತ್ತೇನೆ.


ಉತ್ತರ: ಹಳೆಯಸದಸ್ಯ

ಉತ್ತರದವರೇ, ನಿಮ್ಮ ಸೌಜನ್ಯಕ್ಕೆ ವಂದನೆಗಳು, ಆದರೆ ಪ್ರಶ್ನೆ ಕೇಳಿದವರು ಆ ಪ್ರತಿಯನ್ನು ಮಾದರಿಯಾಗಿ ಬಳಸದಿರುವುದೇ ಒಳ್ಳೆಯದು. ಬೇರೆ ರಾಜ್ಯದ ಅರ್ಜಿಯ ಪದಗಳನ್ನು ನಕಲು ಮಾಡಿ ತಂದ ಒಬ್ಬರು ನಮ್ಮ ಮುಂದೆ ಪ್ರದೇಶದ ಸ್ವರೂಪದ ಬಗ್ಗೆ ಅರ್ಧ ಗಂಟೆ ಮಾತಾಡಿ, ನಮ್ಮ ಕಾಯ್ದೆ ಕೇಳುವ ನಿವೇಶನದ ವೈಶಿಷ್ಟ್ಯದ ಬಗ್ಗೆ ಒಂದು ವಾಕ್ಯವನ್ನೂ ಹೇಳದೆ ಹೋದರು.


ಉತ್ತರ: ಪಾಚಿನೀರು

ನಾನು ನಮ್ಮ ಸರೋವರದ ನಿವಾಸಿಗಳ ಸಂಘದ ಪರವಾಗಿ ಎರಡು ವಿಚಾರಣೆಗಳಲ್ಲಿ ವಿರೋಧ ವ್ಯಕ್ತಪಡಿಸಿದವನು. ಸಾರ್ವಜನಿಕ ಹಿತ ಎಂಬ ಮೂರನೆಯ ಸಂಗತಿಯನ್ನು ಎಲ್ಲರೂ ಒಂದು ಸಾಲಿನಲ್ಲಿ ಮುಗಿಸಿಬಿಡುವುದರಿಂದ ಬರೆಯುತ್ತಿದ್ದೇನೆ. ಚಾವಣಿಯ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗದೆ, ಮಣ್ಣನ್ನೂ ರಂಜಕವನ್ನೂ ಹೊತ್ತು ನೇರವಾಗಿ ನೀರಿಗೆ ಇಳಿಯುತ್ತದೆ. ಒಂದು ಪೌಂಡ್ ರಂಜಕದಿಂದ 500 ಪೌಂಡ್‌ವರೆಗೆ ಪಾಚಿ ಬೆಳೆಯಬಲ್ಲದು. ದಂಡೆಯ ಮೊದಲ 35 ಅಡಿಯಲ್ಲಿ ಹುಲ್ಲುಹಾಸಿನ ಬದಲು ಆಳ ಬೇರಿನ ಗಿಡಪೊದೆಗಳಿದ್ದರೆ ಆ ಹರಿವು ನಿಧಾನವಾಗುತ್ತದೆ, ಮೀನು ಕಪ್ಪೆಗಳಿಗೂ ನೆಲೆ ಸಿಗುತ್ತದೆ. ನಿಮ್ಮ ಒಂದು ಕೋಣೆಯಿಂದ ಸರೋವರ ಕೆಡುವುದಿಲ್ಲ, ನಿಜ. ನಮ್ಮ ಸರೋವರದ ಸುತ್ತಲಿನ ಪ್ರತಿಯೊಬ್ಬರೂ ಇದೇ ಮಾತನ್ನು ಹೇಳಿಯೇ ಕಟ್ಟಿದ್ದು. ನೀವು ಮನೆಯ ಬದಿಯಲ್ಲಿ ಕಟ್ಟಿ, ದಂಡೆಯಲ್ಲಿ ಪ್ರಾಮಾಣಿಕವಾಗಿ ಗಿಡ ನೆಟ್ಟರೆ ನನ್ನಂಥವರು ವಿಚಾರಣೆಗೆ ಬಂದು ಕೂರುವ ಪ್ರಮೇಯವೇ ಇರುವುದಿಲ್ಲ.


ಪ್ರಶ್ನೆ ಕೇಳಿದವರಿಂದ: ದಡದಮನೆ

ಎಲ್ಲರಿಗೂ ಕೃತಜ್ಞತೆಗಳು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ, ಸರ್ವೇ ಮುಗಿಯುವವರೆಗೆ ಬರೆಯಲು ಏನೂ ಇರಲಿಲ್ಲ.

ಜಲರೇಖೆಯಿಂದ ಮನೆಗೆ 42 ಅಡಿ ಅಲ್ಲ, 38 ಅಡಿ. ಇನ್ನು ಮೂರು ಅಡಿ ಕಡಿಮೆಯಾಗಿದ್ದರೂ ಅಂಚಿನಲ್ಲೇ ನಿಲ್ಲುತ್ತಿದ್ದೆವು ಎಂದು ಸರ್ವೇಯರ್ ಗುರುತು ತೋರಿಸಿದಾಗ ನನಗೆ ಕಾಲು ತಣ್ಣಗಾಯಿತು. ಬಲಬದಿಯ ಬೇಲಿಯೂ ಗಡಿಯ ಮೇಲಿಲ್ಲ, ಒಂದು ಅಡಿ ನೆರೆಯವರ ನೆಲದಲ್ಲಿದೆ. ನಮಗಿರುವುದು 17 ಅಡಿ ಮಾತ್ರ. ಆದ್ದರಿಂದ ಹೊಸ ಭಾಗ 7 ಅಡಿಗೆ 24 ಅಡಿ, ಒಟ್ಟು 168 ಚದರ ಅಡಿ. ಊಟದ ಮೇಜು, ಬಚ್ಚಲು, ಬಟ್ಟೆ ಒಗೆಯುವ ಯಂತ್ರ ಅಲ್ಲಿಗೆ ಹೋಗುತ್ತವೆ, ಊಟದ ಕೋಣೆ ತಾಯಿಯವರದ್ದಾಗುತ್ತದೆ. ನಮ್ಮ ಕೌಂಟಿಯಲ್ಲಿ ಬದಿಯ ಅಂತರವನ್ನು ಗೋಡೆಯಿಂದ ಅಳೆಯುತ್ತಾರೋ ಸೂರಿನ ಅಂಚಿನಿಂದಲೋ ಎಂದು ಕೇಳಿ ಖಚಿತಪಡಿಸಿಕೊಂಡೆ, ಗೋಡೆಯಿಂದಲೇ. ಮಲಗುವ ಕೋಣೆಗಳು ಎರಡರಿಂದ ಮೂರಾಗುವ ಕಾರಣ ಸೆಪ್ಟಿಕ್ ವ್ಯವಸ್ಥೆ ಅದಕ್ಕೆ ಸಾಲುತ್ತದೆಯೇ ಎಂಬ ಪರಿಶೀಲನೆಯೊಂದು ಬಾಕಿಯಿದೆ. ಇದನ್ನು ಇಲ್ಲಿ ಯಾರೂ ಹೇಳಿರಲಿಲ್ಲ, ಮುಂದೆ ಓದುವವರ ಗಮನಕ್ಕಿರಲಿ.

ಮಂಡಳಿಯ ಮುಂದೆ ಹೋಗುವ ಅಗತ್ಯವಿಲ್ಲವೆಂದು ಜೋನಿಂಗ್ ಕಚೇರಿ ಹೇಳಿದೆ. ಮೊದಲ ದಿನವೇ ಈ ದಾರಿಯನ್ನು ಅವರೇ ತಿಳಿಸಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ, ನೀವು ತಂದ ನಕ್ಷೆಯ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಕೊಟ್ಟೆವು ಎಂದರು. ಪರಿಹಾರ ಕ್ರಮದ ಒಪ್ಪಂದವನ್ನು ಕೌಂಟಿಯ ನೋಂದಣಿ ಕಚೇರಿಯಲ್ಲಿ ಆಸ್ತಿಯ ದಾಖಲೆಗೆ ಸೇರಿಸಿದ ಮೇಲೆ ಪರ್ಮಿಟ್ ಸಿಗುತ್ತದೆ. ಅದರ ಪ್ರಕಾರ ದಂಡೆಯ 60 ಅಡಿಯಲ್ಲಿ 21 ಅಡಿಯನ್ನು ನೋಟಕ್ಕೂ ಓಡಾಟಕ್ಕೂ ತೆರೆದಿಟ್ಟುಕೊಂಡು, ಉಳಿದ 39 ಅಡಿಯ ಹುಲ್ಲುಹಾಸನ್ನು ತೆಗೆದು, 35 ಅಡಿ ಒಳಗಿನವರೆಗೆ ಸ್ಥಳೀಯ ಗಿಡಗಳನ್ನು ನೆಡಬೇಕು. ಆ 21 ಅಡಿಯನ್ನು ಊಟದ ಕೋಣೆಯ ಕಿಟಕಿಗೆ ನೇರವಾಗಿ ಬರುವಂತೆ ಗುರುತು ಹಾಕಿಸಿದ್ದೇವೆ.